ತಾರಿಣಿಯ ದಾರಿಯನ್ನು ದುರ್ಗದಲ್ಲಿ ಕುಳಿತು ಅಳೆದೆ, ಲೆಕ್ಕ ತಾಳೆಯಾಗುತ್ತಿಲ್ಲ

ಕೋಟೆಬಾಗಿಲು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಮಂಡಿಯ ಅಡತಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಶೇಂಗಾ ಲೆಕ್ಕ ಬರೆದವನು ನಾನು. ಜಮಾ-ಖರ್ಚು ತಾಳೆಯಾಗದಿದ್ದರೆ ನನಗೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ. ಈಗ ಕಾಡುತ್ತಿರುವ ಲೆಕ್ಕ ಮಾತ್ರ ಸಮುದ್ರದ್ದು.

ನೌಕಾಪಡೆಯ ತಾರಿಣಿ ಎಂಬ ಹಾಯಿದೋಣಿಯಲ್ಲಿ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್ಟನ್, ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟಾನ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಂದರುಗಳನ್ನು ಮುಟ್ಟಿ, 2025ರ ಮೇ ಕೊನೆಯಲ್ಲಿ ಗೋವಾಕ್ಕೆ ಮರಳಿದ್ದು ನಿಮಗೆಲ್ಲ ತಿಳಿದದ್ದೇ. ಆ ಎಂಟು ತಿಂಗಳೂ ನಾನು ಅವರ ಬೆನ್ನು ಹತ್ತಿದ್ದೆ. ಪತ್ರಿಕೆಯಲ್ಲಿ ನೌಕಾಪಡೆಯ ಸುದ್ದಿ ಬಂದ ದಿನ ಮೊಮ್ಮಗನ ಗೋಡೆ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚುವುದು, ಸುದ್ದಿ ಇಲ್ಲದ ದಿನಗಳಿಗೆ ಹಿಂದಿನ ವೇಗವನ್ನೇ ಹಿಡಿದು ಅಂದಾಜು ಬರೆಯುವುದು, ಮುಂದಿನ ಸುದ್ದಿ ಬಂದಾಗ ಅದನ್ನು ಕೆಂಪು ಶಾಯಿಯಲ್ಲಿ ತಿದ್ದುವುದು, ಹೀಗೆ ಒಂದು ಹಳೆಯ ಖಾತೆ ಪುಸ್ತಕ ಪೂರ್ತಿ ತುಂಬಿದೆ.

ಮೊದಲ ತೊಡಕು ಇದು. ಲಿಟಲ್ಟನ್‌ನಿಂದ ಪೋರ್ಟ್ ಸ್ಟಾನ್ಲಿಯವರೆಗಿನ ಘಟ್ಟವನ್ನು ದಾರ ಹಿಡಿದು ಅಳೆದು, ನಕ್ಷೆಯ ಅಡಿಯಲ್ಲಿರುವ ಅಳತೆಪಟ್ಟಿಗೆ ಹೊಂದಿಸಿದಾಗ ನನಗೆ ಸಿಕ್ಕಿದ್ದು 14,400 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು, ಅಂದರೆ 7,800 ನಾಟಿಕಲ್ ಮೈಲಿ. ಸುದ್ದಿಯಲ್ಲಿ ಬಂದದ್ದು ಸುಮಾರು 5,600. ಎರಡು ಸಾವಿರ ಮೈಲಿಗೂ ಮೀರಿದ ಈ ವ್ಯತ್ಯಾಸ ಎಲ್ಲಿಗೆ ಹೋಯಿತು? ಎರಡನೆಯದು, ಗೋವಾದಿಂದ ಫ್ರೀಮ್ಯಾಂಟಲ್‌ಗೆ ಓರೆಯಾಗಿ ಒಂದು ಗೆರೆ ಎಳೆದರೆ ಮುಗಿಯುವ ದಾರಿಗೆ ದೋಣಿ ಮೊದಲು ದಕ್ಷಿಣಕ್ಕೆ ಇಳಿದು, ಆಮೇಲೆ ಪೂರ್ವಕ್ಕೆ ತಿರುಗುವುದೇಕೆ? ತಿಳಿದವರು ಬಿಡಿಸಿ ಹೇಳಬೇಕು.

ಭೂಗೋಳದ ಟೀಚರ್, ದಾವಣಗೆರೆ

ಕೋಟೆಬಾಗಿಲು ಅವರೇ, ನಿಮ್ಮ ದಾರವೂ ಸರಿ, ಕೂಡುವಿಕೆಯೂ ಸರಿ. ಮೋಸ ಮಾಡಿದ್ದು ಗೋಡೆ ನಕ್ಷೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿಕೊಡಲು ನಾನು ಪ್ರತಿ ಬೇಸಿಗೆಯಲ್ಲಿ ಒಂದು ಗುಂಡು ಕಲ್ಲಂಗಡಿ ಕೊಳ್ಳುತ್ತೇನೆ. ತೊಟ್ಟಿನಿಂದ ಬುಡಕ್ಕೆ ಇಳಿಯುವ ಅದರ ಹಸಿರು ಪಟ್ಟೆಗಳು ನಡುವಿನಲ್ಲಿ ಅಗಲವಾಗಿ ಹರಡಿದ್ದು, ತೊಟ್ಟಿನ ಬಳಿ ಮತ್ತು ಬುಡದ ಬಳಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ರೇಖಾಂಶಗಳೂ ಹಾಗೆಯೇ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿ ರೇಖಾಂಶಕ್ಕೆ 60 ನಾಟಿಕಲ್ ಮೈಲಿ. 60 ಡಿಗ್ರಿ ದಕ್ಷಿಣಕ್ಕೆ ಹೋದರೆ ಅದೇ ಒಂದು ಡಿಗ್ರಿಗೆ 30 ಮೈಲಿ ಮಾತ್ರ. ಗೋಡೆ ನಕ್ಷೆ ಬರೆಯುವವರು ಈ ಪಟ್ಟೆಗಳನ್ನೆಲ್ಲ ಬಲವಂತವಾಗಿ ಸಮಾನಾಂತರವಾಗಿ ನಿಲ್ಲಿಸುತ್ತಾರೆ. ಹಾಗಾಗಿ ನಕ್ಷೆಯ ಅಡಿಯ ಅಳತೆಪಟ್ಟಿ ಸಮಭಾಜಕದ ಹತ್ತಿರಕ್ಕೆ ಮಾತ್ರ ಹೊಂದುತ್ತದೆ.

ಲಿಟಲ್ಟನ್‌ಗೂ ಸ್ಟಾನ್ಲಿಗೂ ನಡುವೆ ಸುಮಾರು 129 ಡಿಗ್ರಿ ರೇಖಾಂಶದ ಅಂತರವಿದೆ. ನೀವು ಪ್ರತಿ ಡಿಗ್ರಿಗೂ 60 ಮೈಲಿ ಕೊಟ್ಟಿದ್ದೀರಿ. ದೋಣಿ ಓಡಿದ್ದು ನಲವತ್ತರ ಕೊನೆ, ಐವತ್ತರ ಅಕ್ಷಾಂಶಗಳಲ್ಲಿ. ಅಲ್ಲಿ ಒಂದು ಡಿಗ್ರಿಗೆ ಸಿಗುವುದು ಸುಮಾರು 40 ಮೈಲಿ. ಗುಣಿಸಿ ನೋಡಿದರೆ 5,200ರ ಆಸುಪಾಸು ಬರುತ್ತದೆ. ಉಳಿದ ನಾಲ್ಕು ನೂರು ಹಾಯಿದೋಣಿ ಅತ್ತಿತ್ತ ಸರಿದು ಓಡಿದ್ದಕ್ಕೆ ಖರ್ಚು ಬರೆದುಕೊಳ್ಳಿ.

ಇನ್ನೊಂದು ಚೋದ್ಯವಿದೆ. ಕಲ್ಲಂಗಡಿಯ ಮೇಲೆ ಅದೇ ಎರಡು ಬಿಂದುಗಳಿಗೆ ದಾರವನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿ ಬುಡದ ಕಡೆಗೆ ಜಾರಿ, ಇನ್ನೂ ಚಿಕ್ಕದಾದ, ಸುಮಾರು 4,500 ಮೈಲಿಯ ದಾರಿಯೊಂದನ್ನು ತೋರಿಸುತ್ತದೆ. ಆದರೆ ಆ ದಾರಿ ಸುಮಾರು 70 ಡಿಗ್ರಿ ದಕ್ಷಿಣಕ್ಕೆ, ಅಂದರೆ ಅಂಟಾರ್ಕ್ಟಿಕ್ ವೃತ್ತದ ಒಳಕ್ಕೇ ಇಳಿಯುತ್ತದೆ. ಅಲ್ಲಿರುವುದು ಹಿಮಗಡ್ಡೆಗಳು. ಹೀಗಾಗಿ ನಾವಿಕರು ಹತ್ತಿರದ ದಾರಿಗೂ ಸುರಕ್ಷಿತ ದಾರಿಗೂ ನಡುವೆ ಒಂದು ರಾಜಿ ಮಾಡಿಕೊಂಡು, 56 ಡಿಗ್ರಿ ದಕ್ಷಿಣದಲ್ಲಿರುವ ಕೇಪ್ ಹಾರ್ನ್ ಭೂಶಿರವನ್ನು ದಾಟಲು ಎಷ್ಟು ಇಳಿಯಬೇಕೋ ಅಷ್ಟನ್ನು ಕೊನೆಯಲ್ಲಿ ಇಳಿಯುತ್ತಾರೆ.

ಅಳತೆ ಕೈಗೆ ಹತ್ತಬೇಕಾದರೆ ಊರಿನಿಂದಲೇ ಶುರು ಮಾಡಿ. ಅಕ್ಷಾಂಶದ ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿಲೋಮೀಟರ್, ಎಂದರೆ 32 ಮೈಲಿ. ಗಂಟೆಗೆ ಐದು ಮೈಲಿ ಸಾಗುವ ದೋಣಿಯಲ್ಲಿ ಹೊರಟರೆ ಬೆಳಿಗ್ಗೆ ನಮ್ಮಲ್ಲಿ ಬೆಣ್ಣೆದೋಸೆ ತಿಂದವರು ದುರ್ಗ ಮುಟ್ಟುವುದು ಮಧ್ಯಾಹ್ನದ ಊಟ ತಣ್ಣಗಾದ ಮೇಲೆ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಎರಡನೇ ಪ್ರಶ್ನೆಗೆ ನಾನು ಉತ್ತರಿಸಬಹುದೆಂದು ತೋರುತ್ತದೆ. ಹನ್ನೆರಡು ವರ್ಷಗಳಿಂದ ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ದುರಸ್ತಿ ಮಾಡುತ್ತಿದ್ದೇನೆ. ಸಮುದ್ರವನ್ನು ಕಂಡದ್ದು ಎರಡು ಸಲ ಮಾತ್ರ. ಗಾಳಿಯ ಜೊತೆಗೆ ಮಾತ್ರ ದಿನವೂ ವ್ಯವಹಾರ.

ಅಕ್ಟೋಬರ್ ಹೊತ್ತಿಗೆ ಅರಬ್ಬೀ ಸಮುದ್ರದಲ್ಲಿ ಮುಂಗಾರಿನ ಜೋರು ಇಳಿದಿರುತ್ತದೆ. ಸಮಭಾಜಕದ ಬಳಿಯ ಶಾಂತವಲಯದಲ್ಲಿ ಗಾಳಿ ನೆಚ್ಚಿಕೊಳ್ಳುವಂಥದ್ದಲ್ಲ. ಒಮ್ಮೆ ಸತ್ತಂತೆ ನಿಲ್ಲುತ್ತದೆ, ಮತ್ತೊಮ್ಮೆ ಮಳೆಮೋಡದ ಕೆಳಗಿಂದ ಹತ್ತು ನಿಮಿಷ ಬಡಿದು ಹೋಗುತ್ತದೆ. ಅದನ್ನು ದಾಟಿದರೆ ಸಿಗುವುದು ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ. ಫ್ರೀಮ್ಯಾಂಟಲ್ ಇರುವುದೂ ಆಗ್ನೇಯಕ್ಕೇ. ನೀವು ಎಳೆದ ಓರೆಗೆರೆಯ ಮೇಲೆ ಹೋದರೆ ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ಆ ಗಾಳಿಯನ್ನು ಎಡಮಗ್ಗುಲಿಗೆ ಹಿಡಿದು ದಕ್ಷಿಣಕ್ಕೆ ಇಳಿದು, 35-40 ಡಿಗ್ರಿಯ ಸುತ್ತ ಪಶ್ಚಿಮದಿಂದ ಬೀಸುವ ಮಾರುತ ಬೆನ್ನಿಗೆ ಸಿಕ್ಕ ಮೇಲೆ ಪೂರ್ವಕ್ಕೆ ತಿರುಗುತ್ತಾರೆ. ದೂರ ಹೆಚ್ಚಾದರೂ ದಿನಗಳು ಉಳಿಯುತ್ತವೆ. ಅವರು ನವೆಂಬರ್ 9ರಂದು ಫ್ರೀಮ್ಯಾಂಟಲ್ ಮುಟ್ಟಿದರಲ್ಲ, ಆ ಮೂವತ್ತೆಂಟು ದಿನಗಳ ಬಹುಪಾಲು ಈ ಗಾಳಿ ಹುಡುಕುವ ಕೆಲಸವೇ ಇದ್ದೀತು.

ನಲವತ್ತರ ಅಕ್ಷಾಂಶಗಳ ಗಾಳಿಗೆ ಅಬ್ಬರಿಸುವ ನಲವತ್ತು ಎಂದು ಹೆಸರು ಬಂದದ್ದು ಸುಮ್ಮನೆ ಅಲ್ಲ. ಭೂಮಿಯನ್ನು ಸುತ್ತಿ ಬರುವ ಆ ಗಾಳಿಗೆ ದಕ್ಷಿಣ ಅಮೆರಿಕದ ತುದಿಯನ್ನು ಬಿಟ್ಟರೆ ಅಡ್ಡ ಬರುವ ನೆಲವೇ ಹೆಚ್ಚು ಇಲ್ಲ. ನಮ್ಮಲ್ಲಿ ಆಷಾಢದ ಗಾಳಿ ಬಯಲಿನ ಮೇಲೆ ಓಡಿಬಂದು ಜೋಗಿಮಟ್ಟಿಯ ದಿಣ್ಣೆಯನ್ನು ಹತ್ತುವಾಗ ಕಾಲಡಿಯ ಗೋಪುರ ನಡುಗುವುದನ್ನು ನಾನು ಬಲ್ಲೆ. ಗಾಳಿ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಸಾಮಾನ್ಯವಾಗಿ ನಮ್ಮ ಯಂತ್ರಗಳು ಗಾಳಿ ಸೆಕೆಂಡಿಗೆ 25 ಮೀಟರ್ ಮುಟ್ಟಿದ ಕೂಡಲೇ ರೆಕ್ಕೆಗಳನ್ನು ಓರೆ ಮಾಡಿಕೊಂಡು ತಾವಾಗಿಯೇ ನಿಂತುಬಿಡುತ್ತವೆ. ಅದು ಹೆಚ್ಚುಕಡಿಮೆ 50 ನಾಟ್, ಅಂದರೆ ಗಂಟೆಗೆ 50 ನಾಟಿಕಲ್ ಮೈಲಿ. ನೂರಾರು ಟನ್ ತೂಗುವ ಉಕ್ಕಿನ ಕಂಬ ಕೆಲಸ ನಿಲ್ಲಿಸುವ ಗಾಳಿಯಲ್ಲಿ, 56 ಅಡಿ ಉದ್ದದ ದೋಣಿಯ ಮೇಲಿರುವವರು ಕತ್ತಲಲ್ಲಿ ಡೆಕ್ಕಿನ ಮೇಲೆ ಹೋಗಿ ಹಾಯಿಯನ್ನು ಮಡಚಿ ಕಟ್ಟಿ, ಮುಂದಕ್ಕೆ ಓಡುತ್ತಲೇ ಇರಬೇಕು. ನಮಗಾದರೆ ಯಂತ್ರ ನಿಲ್ಲಿಸಿ ಕೆಳಗೆ ಇಳಿದು ಚಹಾ ಕುಡಿಯುವ ಅವಕಾಶವಿದೆ.

ವಾಣಿವಿಲಾಸದ ಕೋಡಿ, ಹಿರಿಯೂರು

ಎಲ್ಲರ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ನನಗಿಲ್ಲ, ಆದರೆ ಒಂದು ಮಾತು ಹೇಳಲೇಬೇಕು. ನಾಲ್ಕು ಬಂದರುಗಳಲ್ಲಿ ನಿಂತು, ದುರಸ್ತಿ ಮಾಡಿಸಿ, ಉಂಡು ಹೊರಟ ಯಾನವನ್ನು ಇಷ್ಟು ಕೊಂಡಾಡುವ ನಾವು, ಕ್ಯಾಪ್ಟನ್ ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಸುತ್ತಿದ್ದನ್ನು, ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬರೇ ಸುತ್ತಿದ್ದನ್ನು ಮರೆತಿದ್ದೇವೆ. ನಾನು ಹಿಂಬಾಲಿಸಿದ್ದು ಟಾಮಿ ಅವರು ಎರಡನೇ ಸ್ಥಾನ ಪಡೆದ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು, ಅಂದರೆ ಹಾಯಿದೋಣಿಯಲ್ಲಿ ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತುವ ಸ್ಪರ್ಧೆಯನ್ನು. 2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನಿಂದ ಹೊರಟು 2023ರ ಏಪ್ರಿಲ್ 29ರವರೆಗೆ, 236 ದಿನ. ಜಿಪಿಎಸ್ ಬಳಸುವಂತಿಲ್ಲ, ಸೆಕ್ಸ್‌ಟಂಟ್ ಹಿಡಿದು ಸೂರ್ಯ-ನಕ್ಷತ್ರಗಳನ್ನು ನೋಡಿ ತಮ್ಮ ಜಾಗವನ್ನು ತಾವೇ ಕಂಡುಕೊಳ್ಳಬೇಕು.

ಅದರಲ್ಲಿ ನನ್ನನ್ನು ಇಂದಿಗೂ ಬಿಡದ ಒಂದು ವಿಚಾರವಿದೆ. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ಅವರು ಗುರಿ ಮುಟ್ಟಿದ್ದು ಏಪ್ರಿಲ್ 27ರಂದು. ನಡುವೆ ದೋಣಿ ಮುಳುಗಿ ತೇಲುತ್ತಿದ್ದ ಸಹಸ್ಪರ್ಧಿಯೊಬ್ಬರನ್ನು ಎತ್ತಿಕೊಂಡು ಕಾಪಾಡಿದ್ದರು. ತಾವು ಗೆದ್ದಿರುವುದು ಅವರಿಗೆ ತಿಳಿದದ್ದು ಬಂದರಿನ ಬಾಯಿಗೆ ಬಂದ ಮೇಲೆಯೇ. ಸ್ಪರ್ಧಿಗಳಿಗೆ ಉಳಿದವರ ಸ್ಥಾನ ತಿಳಿಸುವಂತಿರಲಿಲ್ಲ. ಹಿರಿಯೂರಿನ ಬಸ್‌ನಿಲ್ದಾಣದಲ್ಲಿ ಮೊಬೈಲ್ ಹಿಡಿದು ಕುಳಿತ ನನಗೆ ಗೊತ್ತಿತ್ತು, ದೋಣಿ ನಡೆಸುತ್ತಿದ್ದವರಿಗೆ ಗೊತ್ತಿರಲಿಲ್ಲ.

ಹಾಗಾಗಿ ನನ್ನ ಆಕ್ಷೇಪ ಇದು: ನಕ್ಷೆಯ ಮೇಲೆ ದೋಣಿಯ ಜಾಗ ತೋರಿಸುವ ಚುಕ್ಕೆ ನೋಡುವವನಿಗೆ ಎಲ್ಲ ತಿಳಿದಂತೆ ತೋರುತ್ತದೆ, ಆದರೆ ಅವನಿಗೆ ತಿಳಿದಿರುವುದು ಚುಕ್ಕೆ ಮಾತ್ರ. ನಮ್ಮ ಜಲಾಶಯ 1933ರ ನಂತರ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಬಂದು ನೀರು ನೋಡಿ ಹೋಯಿತು. ಅದೇ ಜನವರಿಯಲ್ಲಿ ತಾರಿಣಿ ಪೆಸಿಫಿಕ್‌ನ ನಡುವೆ ಇತ್ತು. ಕೋಡಿಯ ನೀರು ನನ್ನ ಕಾಲಿಗೆ ತಾಗಿತು. ಆ ದೋಣಿ ನಿಮಗೆ ಏನು ತಾಗಿಸಿತು?

ಕರಾವಳಿಯಿಂದ ಬಂದವನು, ದಾವಣಗೆರೆ

ಹಿರಿಯೂರಿನ ಅಣ್ಣನವರ ಪ್ರಶ್ನೆಯ ಕೊನೆಯ ಭಾಗವನ್ನು ಕೋಟೆಬಾಗಿಲು ಅವರಿಗೇ ಬಿಡುತ್ತೇನೆ. ಮೊದಲ ಭಾಗಕ್ಕೆ ಮಾತ್ರ ನನ್ನ ಉತ್ತರ. ನನ್ನ ಹುಟ್ಟೂರು ಕಾರವಾರದ ಬಳಿ. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು.

ಭೂಪ್ರದಕ್ಷಿಣೆ ಎನ್ನಿಸಿಕೊಳ್ಳಲು ನಿಲ್ಲದೇ ಹೋಗಬೇಕೆಂಬ ಕಟ್ಟಳೆ ಇಲ್ಲ. ಹೊರಟ ಬಂದರಿಗೇ ಮರಳಬೇಕು, ಎಲ್ಲ ರೇಖಾಂಶಗಳನ್ನೂ ದಾಟಬೇಕು, ಸಮಭಾಜಕವನ್ನು ಎರಡು ಸಲ ದಾಟಬೇಕು, ಕಾಲುವೆಗಳನ್ನು ಬಳಸಬಾರದು, ಕನಿಷ್ಠ 21,600 ಮೈಲಿ ಸಾಗಬೇಕು. ಟೀಚರ್ ಹೇಳಿದ ಲೆಕ್ಕದಲ್ಲಿ 360 ಡಿಗ್ರಿಯನ್ನು 60ರಿಂದ ಗುಣಿಸಿದರೆ ಬರುವುದೂ ಅದೇ ಅಂಕಿ. ಇದೇ ತಾರಿಣಿಯಲ್ಲಿ 2017ರ ಸೆಪ್ಟೆಂಬರ್ 10ರಿಂದ 2018ರ ಮೇ 21ರವರೆಗೆ ವರ್ತಿಕಾ ಜೋಶಿ ಅವರ ಮುಂದಾಳತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಸುತ್ತಿ ಬಂದಾಗಲೂ ನಾಲ್ಕು ಬಂದರುಗಳಲ್ಲಿ ನಿಲ್ಲುವುದೆಂದೇ ಹೊರಟಿದ್ದರು. ಕೊನೆಯಲ್ಲಿ ಚುಕ್ಕಾಣಿಯ ತೊಂದರೆಯಿಂದ ಮಾರಿಷಸ್‌ನಲ್ಲಿ ಐದನೇ ಸಲ ನಿಲ್ಲಬೇಕಾಯಿತು. ಆರು ಜನ ಮಾಡಿದ ಪಾಳಿಯನ್ನು ಈ ಸಲ ಇಬ್ಬರೇ ಹಂಚಿಕೊಂಡರು ಎಂಬುದನ್ನು ಗಮನಿಸಿ. ಒಬ್ಬರು ಮಲಗಿದರೆ ಇನ್ನೊಬ್ಬರು ಪೂರ್ತಿ ಒಂಟಿ. ಗಾಳಿ ತಿರುಗಿತೆಂದು ಎಬ್ಬಿಸಿದರೆ ಆ ನಿದ್ದೆ ಅಲ್ಲಿಗೆ ಮುಗಿಯಿತು.

ಟೀಚರ್ ಬರೆದ ನಾಲ್ಕು ನೂರು ಮೈಲಿಯ ಖರ್ಚಿಗೆ ಒಂದು ಸೇರ್ಪಡೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಲ ಉಳುವ ಎತ್ತಿನಂತೆ ತಿರುತಿರುಗಿ ಮುಂದೆ ಸಾಗಬೇಕು. ಬೆನ್ನಿಗೆ ಗಾಳಿ ಇದ್ದಾಗಲೂ ಹಾಯಿ ಒಂದು ಪಕ್ಕದಿಂದ ಇನ್ನೊಂದಕ್ಕೆ ಫಟ್ಟನೆ ಹೊರಳದಿರಲೆಂದು ಸ್ವಲ್ಪ ಓರೆಯಾಗಿಯೇ ಓಡಿಸುತ್ತಾರೆ. ನಕ್ಷೆಯಲ್ಲಿ ಚುಕ್ಕೆ ದಾರಿ ತಪ್ಪಿದಂತೆ ಕಂಡ ದಿನವೇ ಅದು ಅತ್ಯಂತ ಸರಿಯಾಗಿ ಓಡುತ್ತಿರಬಹುದು.

ನಮ್ಮ ಕಾರವಾರದಲ್ಲಿಯೇ 2025ರ ಮೇ 21ರಂದು ಕೌಂಡಿನ್ಯ ಎಂಬ ಹಡಗನ್ನು ನೌಕಾಪಡೆ ಸೇರಿಸಿಕೊಂಡಿತು. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು ಅದು. ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಹೊಲಿಗೆಯ ಹಡಗುಗಳ ಕತೆಯನ್ನು ಅಜ್ಜನ ಬಾಯಲ್ಲಿ ಕೇಳಿದ್ದ ನನಗೆ ಅದನ್ನು ನೋಡಿ ಗಂಟಲು ಕಟ್ಟಿತು. ಇದು ವಿಷಯಾಂತರ, ಕ್ಷಮಿಸಿ.

ಮಿಲ್ ಕಾಲೋನಿ, ದಾವಣಗೆರೆ

ಮೇಲೆ ಎಲ್ಲರೂ ಗಾಳಿಯ ಬಗ್ಗೆ ಬರೆದಿದ್ದಾರೆ, ಬಟ್ಟೆಯ ಬಗ್ಗೆ ಯಾರೂ ಬರೆದಿಲ್ಲ. ನಾನು ಇಲ್ಲಿಯ ಹತ್ತಿ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದವನು. ಗಿರಣಿ ಮುಚ್ಚಿ ಬಹಳ ಕಾಲವಾಯಿತು, ಬೆರಳಿಗೆ ಮಾತ್ರ ನೂಲಿನ ನೆನಪು ಉಳಿದಿದೆ.

ನೀವು ಉಟ್ಟ ಪಂಚೆಯನ್ನು ಉದ್ದಕ್ಕೆ ಎಳೆದು ನೋಡಿ, ಹಿಗ್ಗುವುದಿಲ್ಲ. ಅಡ್ಡಕ್ಕೆ ಎಳೆದರೂ ಅಷ್ಟೇ. ಎದುರುಬದುರು ಮೂಲೆಗಳನ್ನು ಹಿಡಿದು ಎಳೆಯಿರಿ, ರಬ್ಬರಿನಂತೆ ಬರುತ್ತದೆ. ಹಾಸಿನ ನೂಲಿಗೂ ಹೊಕ್ಕಿನ ನೂಲಿಗೂ ಬಲವಿದೆ, ಓರೆಗೆ ಬಲವಿಲ್ಲ. ಹಾಯಿ ಮೂರು ಮೂಲೆಯದು. ಗಾಳಿ ತುಂಬಿದಾಗ ಎಳೆತವೆಲ್ಲ ಮೂಲೆಗಳಿಗೆ ಬೀಳುತ್ತದೆ. ಅದಕ್ಕಾಗಿಯೇ ಹಾಯಿ ಹೊಲಿಯುವವರು ಒಂದೇ ಅಗಲವಾದ ಬಟ್ಟೆಯನ್ನು ಕತ್ತರಿಸದೆ, ಪಟ್ಟಿಪಟ್ಟಿಯಾಗಿ ಜೋಡಿಸಿ, ಎಳೆತ ಯಾವ ಕಡೆಗೆ ಬೀಳುತ್ತದೆಯೋ ಆ ಕಡೆಗೆ ನೂಲನ್ನು ತಿರುಗಿಸುತ್ತಾರೆ. ಹಿಂದೆ ಹತ್ತಿ, ಅಗಸೆನಾರಿನ ಹಾಯಿಗಳಿದ್ದವು. ಒದ್ದೆಯಾದರೆ ಭಾರ, ಹಿಗ್ಗಿದರೆ ಆಕಾರ ಹೋಯಿತು. ಪಾಲಿಯೆಸ್ಟರ್ ಬಂದ ಮೇಲೆ ಹತ್ತಿ ಆ ಕೆಲಸದಿಂದ ನಿವೃತ್ತವಾಯಿತು, ನಾನೂ ನನ್ನ ಕೆಲಸದಿಂದ. ಪಾಲಿಯೆಸ್ಟರಿಗೂ ಶತ್ರುಗಳುಂಟು: ಬಿಸಿಲು, ಮತ್ತು ಹಗ್ಗಕ್ಕೆ ತಂತಿಗೆ ತಿಕ್ಕುವ ಜಾಗ. ಎಂಟು ತಿಂಗಳು ಒಂದೇ ಕಡೆ ತಿಕ್ಕಿದರೆ ಎಂಥ ಬಟ್ಟೆಯೂ ಸವೆಯುತ್ತದೆ. ಬಂದರಿನಲ್ಲಿ ನಿಂತರು ಎಂದು ಆಕ್ಷೇಪಿಸುವವರು, ನಿಂತಾಗ ಅವರ ಕೈಯಲ್ಲಿ ಸೂಜಿ ಇದ್ದಿರಬಹುದು ಎಂಬುದನ್ನೂ ನೆನೆಯಬೇಕು.

ವಾಣಿವಿಲಾಸದ ಕೋಡಿ, ಹಿರಿಯೂರು

ಹಿರಿಯರ ಮಾತಿಗೆ ತಲೆಬಾಗುತ್ತೇನೆ. ಬಂದರಿನ ವಿಷಯದಲ್ಲಿ ನನ್ನ ಆಕ್ಷೇಪವನ್ನು ಹಿಂತೆಗೆದುಕೊಂಡಿದ್ದೇನೆ. ಚುಕ್ಕೆಯ ವಿಷಯದಲ್ಲಿ ಇಲ್ಲ. ಕಾರಣ ಹೇಳುತ್ತೇನೆ.

2018ರ ಸ್ಪರ್ಧೆಯಲ್ಲಿ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಟಾಮಿ ಅವರ ದೋಣಿ ಮಗುಚಿ, ಕೂವೆಕಂಬ ಮುರಿದು, ಅವರ ಬೆನ್ನಿಗೆ ಪೆಟ್ಟಾಗಿ ಎದ್ದು ನಿಲ್ಲಲಾಗದೆ ಮಲಗಿದ್ದರು. ನೌಕಾಪಡೆಯ ಪಿ-8ಐ ವಿಮಾನ ಹುಡುಕಿ ಕಂಡಿತು. 24ರಂದು ಫ್ರೆಂಚ್ ಗಸ್ತು ಹಡಗು ಒಸಿರಿಸ್ ಅವರನ್ನು ಎತ್ತಿಕೊಂಡಿತು. ಆ ಮೂರು ದಿನವೂ ನಕ್ಷೆಯ ಮೇಲೆ ಚುಕ್ಕೆ ಇತ್ತು. ಅಲೆಯ ಜೊತೆ ಸ್ವಲ್ಪ ಸ್ವಲ್ಪ ಸರಿಯುತ್ತಲೂ ಇತ್ತು. ನಾನು ಅದನ್ನು ನೋಡುತ್ತಾ ಕುಳಿತಿದ್ದೆ. ಗಾಳಿ ಇಲ್ಲದೆ ನಿಂತ ದೋಣಿಯ ಚುಕ್ಕೆಗೂ ಕಂಬ ಮುರಿದ ದೋಣಿಯ ಚುಕ್ಕೆಗೂ ಬಣ್ಣ ಒಂದೇ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಅಣ್ಣ, ನೀವು ಹೇಳಿದ್ದು ನಿಜ. ಆದರೆ ಚುಕ್ಕೆಯ ಪಕ್ಕದಲ್ಲಿ ಗಾಳಿಯ ನಕ್ಷೆಯನ್ನೂ ಇಟ್ಟುಕೊಂಡರೆ ಎರಡನ್ನೂ ಬೇರ್ಪಡಿಸಬಹುದು. ಸುತ್ತಲೂ ಐದು ನಾಟ್ ಗಾಳಿ ಇದ್ದು ಚುಕ್ಕೆ ನಿಂತಿದ್ದರೆ ಅದು ಕಾಯುತ್ತಿದೆ. ಮೂವತ್ತು ನಾಟ್ ಗಾಳಿ ಇದ್ದೂ ಗಂಟೆಗೆ ಒಂದು ಮೈಲಿ ಮಾತ್ರ ಸರಿಯುತ್ತಿದ್ದರೆ ಏನೋ ಮುರಿದಿದೆ, ಇಲ್ಲವೇ ಬೇಕೆಂದೇ ಹಾಯಿ ಇಳಿಸಿ ಬಿರುಗಾಳಿ ಕಳೆಯಲೆಂದು ಕಾದಿದ್ದಾರೆ. ನಮ್ಮ ನಿಯಂತ್ರಣ ಕೊಠಡಿಯಲ್ಲಿಯೂ ಹೀಗೆಯೇ: ಗಾಳಿ ಇದ್ದೂ ಯಂತ್ರ ತಿರುಗದಿದ್ದರೆ ಮಾತ್ರ ನಮ್ಮನ್ನು ಮೇಲೆ ಹತ್ತಿಸುತ್ತಾರೆ. ಇನ್ನು ಚುಕ್ಕೆಯೇ ಮಾಯವಾದರೆ ಗಾಬರಿ ಬೇಡ. ಹಡಗುಗಳು ಪರಸ್ಪರ ಗುರುತಿಗೆ ಬಳಸುವ ರೇಡಿಯೊ ಸಂಕೇತ ಕರಾವಳಿಯಿಂದ ಕೆಲವು ಹತ್ತು ಮೈಲಿಗಳ ಆಚೆಗೆ ನೆಲದ ಕೇಂದ್ರಗಳಿಗೆ ಮುಟ್ಟುವುದಿಲ್ಲ. ಉಪಗ್ರಹಕ್ಕೆ ಸ್ಥಾನ ಕಳಿಸುವ ಪೆಟ್ಟಿಗೆಯಾದರೂ ಬ್ಯಾಟರಿ ಉಳಿಸಲು ಗಂಟೆಗಟ್ಟಲೆ ಬಿಟ್ಟು ಬಿಟ್ಟು ಕಳಿಸಬಹುದು.

ಕೋಟೆಬಾಗಿಲು, ಚಿತ್ರದುರ್ಗ

ಎಲ್ಲರಿಗೂ ಕೃತಜ್ಞತೆಗಳು. ಮೂರು ದಿನ ಕುಳಿತು ಖಾತೆಯನ್ನು ಹೊಸದಾಗಿ ಬರೆದೆ. ಕಲ್ಲಂಗಡಿಗೆ ಈಗ ಕಾಲವಲ್ಲ. ಮೊಮ್ಮಗನ ಫುಟ್‌ಬಾಲಿನ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಿದ್ದಕ್ಕೆ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಲಿಟಲ್ಟನ್ನಿನಿಂದ ಸ್ಟಾನ್ಲಿಗೆ ಸುಮಾರು ಒಂದೂವರೆ ತಿಂಗಳಿನಲ್ಲಿ 5,600 ಮೈಲಿ, ದಿನಕ್ಕೆ ಸರಾಸರಿ 124, ಗಂಟೆಗೆ ಐದಕ್ಕೆ ಸ್ವಲ್ಪ ಮೇಲೆ. ಮೊದಲು ನಾನು ಬರೆದಿದ್ದ ವೇಗ ಗಂಟೆಗೆ ಏಳಕ್ಕೂ ಹೆಚ್ಚಿತ್ತು. ಅದೇ ವೇಗ ಹಿಡಿದು ಹೊರಟದ್ದರಿಂದಲೇ ಮುಂದಿನ ಅಂದಾಜುಗಳೆಲ್ಲ ಸೋಲುತ್ತಿದ್ದವು. ದೋಣಿ ಬರುವ ವಾರಕ್ಕೆ ಮೊದಲೇ ನನ್ನ ಗುಂಡುಸೂಜಿ ಬಂದರಿಗೆ ಬಂದು ನಿಂತಿರುತ್ತಿತ್ತು.

ಹಿರಿಯೂರಿನವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದೆ. ಜನವರಿಯ ಕೊನೆಯಲ್ಲಿ ತಾರಿಣಿ ನೀಮೊ ಬಿಂದುವಿನ ಬಳಿ ಹಾದುಹೋಯಿತು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ನೆಲಕ್ಕೆ ಕನಿಷ್ಠ 2,688 ಕಿಲೋಮೀಟರ್. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಬಂದಾಗ ಅದರೊಳಗಿನವರೇ ಅವರಿಗೆ ಹತ್ತಿರದ ಮನುಷ್ಯರು. ಆ ಸುದ್ದಿ ಓದಿದ ಬೆಳಿಗ್ಗೆ ಸೂಜಿ ಚುಚ್ಚಲು ಹೋದರೆ, ನಕ್ಷೆಯಲ್ಲಿ ಆ ಜಾಗದಲ್ಲಿ ಮುದ್ರಕರು ಬಣ್ಣಗಳ ವಿವರಣೆಯ ಚೌಕವನ್ನು ಅಚ್ಚು ಹಾಕಿದ್ದರು. ಏನೂ ಇಲ್ಲದ ಜಾಗವೆಂದು ಅವರು ತಿಳಿದಿದ್ದಿರಬೇಕು. ನಾನು ಸೂಜಿಯನ್ನು ಆ ಚೌಕದ ಮೇಲೆಯೇ, ಮರುಭೂಮಿ ಎಂಬ ಪದದ ಪಕ್ಕದಲ್ಲಿ ಚುಚ್ಚಿದೆ. ಒಂದು ವಾರ ಹೋಗುವಾಗ ಬರುವಾಗ ಅದನ್ನೇ ನೋಡುತ್ತಿದ್ದೆ. ತಾಗಿದ್ದು ಅದೇ ಇರಬೇಕು.

ಲೆಕ್ಕದಲ್ಲಿ ಈಗ ಒಂದು ದಿನ ಮಾತ್ರ ಹೆಚ್ಚಾಗುತ್ತಿದೆ. ದೋಣಿಯ ದಿನಗಳನ್ನು ಸೂರ್ಯೋದಯಗಳ ಲೆಕ್ಕದಲ್ಲಿ ಎಣಿಸಿದರೆ ನನ್ನ ಕ್ಯಾಲೆಂಡರಿಗಿಂತ ಒಂದು ಜಾಸ್ತಿ ಬರುತ್ತದೆ.

ಭೂಗೋಳದ ಟೀಚರ್, ದಾವಣಗೆರೆ

ಅದನ್ನು ಅಳಿಸಬೇಡಿ, ಅದು ತಪ್ಪಲ್ಲ. ಅವರು ಪೂರ್ವಕ್ಕೆ, ಸೂರ್ಯನಿಗೆ ಎದುರಾಗಿ ಸುತ್ತಿದವರು. ಪ್ರತಿ 15 ಡಿಗ್ರಿಗೆ ಅವರ ಬೆಳಗು ನಿಮ್ಮ ಬೆಳಗಿಗಿಂತ ಒಂದು ಗಂಟೆ ಮುಂಚೆ ಆಗುತ್ತಾ ಹೋಗಿ, 360 ಡಿಗ್ರಿ ಮುಗಿಯುವಾಗ ನೀವು ಕಂಡದ್ದಕ್ಕಿಂತ ಒಂದು ಸೂರ್ಯೋದಯವನ್ನು ಅವರು ಹೆಚ್ಚಾಗಿ ಕಂಡಿರುತ್ತಾರೆ. 180ನೇ ರೇಖಾಂಶದ ಬಳಿಯ ದಿನಾಂಕ ರೇಖೆಯನ್ನು ದಾಟಿದಾಗ ಒಂದೇ ತಾರೀಖನ್ನು ಎರಡು ಸಲ ಬರೆದು ಅದನ್ನು ಸರಿಪಡಿಸುತ್ತಾರೆ. ಲಿಟಲ್ಟನ್ ಬಿಟ್ಟ ಕೆಲವೇ ದಿನಗಳಲ್ಲಿ ಆ ರೇಖೆ ಬರುತ್ತದೆ. ನಿಮ್ಮ ಖಾತೆಯಲ್ಲಿ ಜನವರಿಯ ಆ ಪುಟದ ಅಂಚಿನಲ್ಲಿ ಒಂದು ದಿನ ಜಮಾ ಎಂದು ಬರೆದುಕೊಳ್ಳಿ, ತಾಳೆಯಾಗುತ್ತದೆ.